ತೆಗೆದರು ಎನ್ನಬಾರದು

ಪ್ರಾಣಿಗಳ ಆಸ್ಪತ್ರೆಯ ಮುಂಬಾಗಿಲ ಮೇಜಿನಲ್ಲಿ ಕೂತು ಫೋನು ಎತ್ತುವುದು, ಚೀಟಿ ಬರೆಯುವುದು, ಒಳಗಿನ ಸುದ್ದಿಯನ್ನು ಹೊರಗೆ ಕಾದು ಕೂತವರಿಗೆ ಮುಟ್ಟಿಸುವುದು ನನ್ನ ಕೆಲಸ. ನಮ್ಮ ಡಾಕ್ಟರು ಒಳ್ಳೆಯವರು, ಆದರೆ ಕೆಟ್ಟ ಸುದ್ದಿ ಹೇಳಲು ಅವರ ನಾಲಗೆ ಹೊರಳುವುದಿಲ್ಲ. ಒಮ್ಮೆ ಮುದಿ ನಾಯಿಯೊಂದು ಒಳಗೆ ಪ್ರಾಣ ಬಿಟ್ಟಿತು. ಇವರು ಹೊರಗೆ ಬಂದು, ಕೈಲಾದದ್ದೆಲ್ಲ ಮಾಡಿದೆವು, ಇನ್ನು ಅದಕ್ಕೆ ಯಾವ ನೋವೂ ಇಲ್ಲ ಎಂದರು. ನಾಯಿಯ ಒಡತಿ ಮುಖ ಅರಳಿಸಿಕೊಂಡು, ಹಾಗಾದರೆ ಎಷ್ಟು ಹೊತ್ತಿಗೆ ಮನೆಗೆ ಕರೆದುಕೊಂಡು ಹೋಗಬಹುದು ಎಂದು ಕೇಳಿದಳು. ಅಂದಿನಿಂದ ಆ ಕೆಲಸ ನನ್ನ ತಲೆಗೆ ಬಂತು. ಸತ್ತಿದ್ದರೆ ಸತ್ತಿದೆ ಎನ್ನುತ್ತೇನೆ. ಪಕ್ಕದಲ್ಲಿ ಕೂರುತ್ತೇನೆ, ನೀರು ಕೊಡುತ್ತೇನೆ, ಎಲ್ಲ ಆಮೇಲೆ. ಮೊದಲು ಆ ಮಾತು. ನನ್ನನ್ನು ಕಲ್ಲೆದೆಯವಳು ಎಂದವರಿದ್ದಾರೆ. ಅನ್ನಲಿ.

ನಮ್ಮವರೂ ಒಂದು ಕಾಲಕ್ಕೆ ಹೀಗೇ ಇದ್ದರು. ಬಣ್ಣದ ಡಬ್ಬಿಗಳ ಗೋದಾಮೊಂದನ್ನು ನೋಡಿಕೊಳ್ಳುತ್ತಿದ್ದರು. ಮಾಲು ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ. ಅಂಗಡಿಯವರು ಫೋನಿನಲ್ಲಿ ಕೂಗಾಡಿದರೆ ಪೂರ್ತಿ ಕೇಳಿಸಿಕೊಂಡು, ಕೂಗಿದರೆ ಬಿಳಿ ಬಣ್ಣ ಬರುವುದಿಲ್ಲ, ಲಾರಿ ಬಂದರೆ ಬರುತ್ತದೆ ಎಂದು ಇಟ್ಟುಬಿಡುತ್ತಿದ್ದರು. ಮದುವೆಗೆ ಮುಂಚೆ ಮೊದಲ ಸಲ ಇಬ್ಬರೇ ಕೂತು ಮಾತಾಡಿದಾಗ, ನನಗೆ ಗೊರಕೆ ಇದೆ, ಅಡುಗೆ ಬರುವುದಿಲ್ಲ, ಕಲಿಯುವ ಮನಸ್ಸೂ ಇಲ್ಲ ಎಂದು ಹೇಳಿದ್ದರು. ನಾನು ಒಪ್ಪಿದ್ದು ಆ ಮಾತಿಗೇ. ಇಷ್ಟು ವರ್ಷಗಳಲ್ಲಿ ಅದರಲ್ಲಿ ಒಂದಕ್ಷರವೂ ಸುಳ್ಳಾಗಿಲ್ಲ.

ಗೋದಾಮು ಮುಚ್ಚಿತು. ಇವರು ಮನೆಯಲ್ಲಿ ಕೂತರು. ಮೊದಮೊದಲು ನಲ್ಲಿ ರಿಪೇರಿ, ಕಪಾಟಿನ ಬಾಗಿಲು ರಿಪೇರಿ ಎಂದು ಓಡಾಡಿದರು. ಆಮೇಲೆ ರಿಪೇರಿಗೆ ಏನೂ ಉಳಿಯಲಿಲ್ಲ. ಅರ್ಜಿ ಹಾಕಿದ ಕಡೆಯಿಂದೆಲ್ಲ ಮೌನ. ಆಗ ಯಾರೋ ಪುಣ್ಯಾತ್ಮರು ಹೇಳಿದರಂತೆ, ನಿಮ್ಮ ರೆಸ್ಯೂಮೆ ತೀರಾ ಬೋಳು, ಅದಕ್ಕೊಂದು ರೂಪ ಕೊಡಿಸಿ ಎಂದು.

ಕನ್ನಡಕದ ಅಂಗಡಿಯ ಮೇಲಿನ ಮಹಡಿಯಲ್ಲಿ ಒಬ್ಬ ಕೂತಿದ್ದ. ಬೀದಿಯವರೆಲ್ಲ ಅವನನ್ನು ರೆಸ್ಯೂಮೆ ಡಾಕ್ಟರ್ ಎನ್ನುತ್ತಿದ್ದರು. ಅವನ ಬೋರ್ಡಿನಲ್ಲಿ ಮಾತ್ರ ‘ವೃತ್ತಿಕಥನ ಶಿಲ್ಪಿ’ ಎಂದು ಹೊಳೆಯುವ ಅಕ್ಷರಗಳಿದ್ದವು. ನಾನೂ ಜೊತೆಗೆ ಹೋಗಿದ್ದೆ. ಗೋದಾಮಿನ ಬಗ್ಗೆ ಅವನು ಒಂದೇ ಒಂದು ಪ್ರಶ್ನೆ ಕೇಳಲಿಲ್ಲ. ಅವನ ಬಳಿ ಮಾತುಗಳು ಮೊದಲೇ ಬೆಂದು ಪಾತ್ರೆಯಲ್ಲಿದ್ದವು, ಯಾರು ಬಂದರೂ ಬಡಿಸುವುದಷ್ಟೇ ಬಾಕಿ. ನಡುವೆ ಒಮ್ಮೆ ಕತ್ತೆತ್ತಿ, ನಿಮ್ಮ ಕೈಕೆಳಗೆ ಎಷ್ಟು ಜನ ಇದ್ದರು ಎಂದು ಕೇಳಿದ. ಮೊದಲು ಐದು ಜನ ಇದ್ದರು, ಒಬ್ಬ ಹೆಂಡತಿಯ ಊರಿಗೆ ಹೋಗಿ ನೆಲೆಸಿದ, ಇನ್ನೊಬ್ಬ ಯಜಮಾನರ ಜೊತೆ ಜಗಳ ಮಾಡಿಕೊಂಡು ಹೋದ, ಉಳಿದ ಮೂವರಲ್ಲೇ ತೂಗಿಸಿದೆ ಎಂದು ಇವರು ಇದ್ದದ್ದು ಇದ್ದ ಹಾಗೆ ಹೇಳಿದರು. ಅವನ ಕಣ್ಣು ಮಿನುಗಿತು. ಟಕಟಕ ಕುಟ್ಟಿದ.

ಮನೆಗೆ ತಂದು ಓದಿದೆ. ‘ಫಲಿತಾಂಶ ಕೇಂದ್ರಿತ, ಡೈನಾಮಿಕ್, ಪ್ರೊಆಕ್ಟಿವ್ ನಾಯಕ. ಎಂಡ್ ಟು ಎಂಡ್ ಇಕೋಸಿಸ್ಟಮ್‌ನಲ್ಲಿ ಸಿನರ್ಜಿ ಸಾಧಿಸಿದ ದೂರದೃಷ್ಟಿಯುಳ್ಳ ಪರಿವರ್ತಕ.’ ಎರಡು ಪುಟ ಹುಡುಕಿದೆ. ಬಣ್ಣ ಎಂಬ ಪದವಿಲ್ಲ. ಡಬ್ಬಿಯಿಲ್ಲ, ಲಾರಿಯಿಲ್ಲ, ಗೋದಾಮೇ ಇಲ್ಲ. ನನ್ನ ಗಂಡನೂ ಇರಲಿಲ್ಲ. ಪಕ್ಕದ ಬೀದಿಯ ಹಲ್ಲಿನ ಡಾಕ್ಟರ ಹೆಸರನ್ನು ಮೇಲೆ ಅಂಟಿಸಿದ್ದರೂ ಆ ಎರಡು ಪುಟ ಹಾಗೇ ನಡೆಯುತ್ತಿದ್ದವು. ಎಲ್ಲರ ಮೈಗೂ ಆಗುವ ಅಂಗಿಯನ್ನು ಹೊಲಿದವನು ಯಾರ ಅಳತೆಯನ್ನೂ ತೆಗೆದುಕೊಂಡಿರುವುದಿಲ್ಲ. ಕೊನೆಗೆ ಒಂದು ಸಾಲು ಕಣ್ಣಿಗೆ ಬಿತ್ತು: ‘ಮಾನವ ಸಂಪನ್ಮೂಲದ ಗಾತ್ರವನ್ನು ಸೂಕ್ತಗೊಳಿಸುವಲ್ಲಿ ಸಾಬೀತಾದ ಅನುಭವ.’ ಇದೇನು ಎಂದು ಕೇಳಿದೆ. ಅದೇ, ಇಬ್ಬರು ಬಿಟ್ಟು ಹೋದರಲ್ಲ ಎಂದರು. ನನಗೆ ನಗು ಬಂತು. ಇವರಿಗೆ ಬರಲಿಲ್ಲ, ಆಗಲೇ ನಾನು ಎಚ್ಚೆತ್ತುಕೊಳ್ಳಬೇಕಿತ್ತು.

ಆ ಸಾಲಿಗೇ ಮೀನು ಬಿತ್ತು. ಒಂದು ಕಂಪನಿಯಿಂದ ಕರೆ ಬಂತು. ಏನು ಮಾಡುವ ಕಂಪನಿ ಎಂದು ಕೇಳಿದರೆ ಇವರಿಗೂ ಗೊತ್ತಿಲ್ಲ. ಇಬ್ಬರೂ ಕೂತು ಅವರ ವೆಬ್‌ಸೈಟ್ ತೆರೆದೆವು. ಬೆಟ್ಟದ ತುದಿಯಲ್ಲಿ ಕೈ ಚಾಚಿ ನಿಂತ ಹೆಂಗಸು. ಒಂದರ ಮೇಲೊಂದು ಇಟ್ಟ ಬಣ್ಣಬಣ್ಣದ ಕೈಗಳು. ‘ನಾವು ಸಂಸ್ಥೆಗಳ ಪಯಣದ ಸಹಯಾತ್ರಿಗಳು. ಜನಕೇಂದ್ರಿತ ಪರಿವರ್ತನೆಗೆ ಸಮಗ್ರ ಸಲ್ಯೂಷನ್‌ಗಳನ್ನು ಸಶಕ್ತಗೊಳಿಸುತ್ತೇವೆ.’ ಪಯಣ ಅಂತಿದೆ, ಬೆಟ್ಟ ಇದೆ, ಟ್ರಾವೆಲ್ ಏಜೆನ್ಸಿ ಇರಬೇಕು ಎಂದೆ ನಾನು. ಇವರು ಕೆಳಗೆ ಒತ್ತಿ ಒತ್ತಿ ಕೊನೆಯವರೆಗೂ ಹೋದರು. ‘ನಮ್ಮ ಮೌಲ್ಯಗಳು’ ಎಂಬಲ್ಲಿ ಪಾರದರ್ಶಕತೆ ಎಂದು ದೊಡ್ಡದಾಗಿ ಬರೆದಿತ್ತು. ಏನು ಮಾರುತ್ತಾರೆ, ಏನು ಕೊಳ್ಳುತ್ತಾರೆ, ಬಾಗಿಲಲ್ಲಿ ನಿಂತವನಿಗೆ ಏನು ಸಿಗುತ್ತದೆ ಎನ್ನುವುದು ಮಾತ್ರ ಎಲ್ಲೂ ಇರಲಿಲ್ಲ. ನಮ್ಮ ಆಸ್ಪತ್ರೆಯ ಹೊರಗೆ ‘ನಾಯಿ, ಬೆಕ್ಕು, ಹಸು. ಭಾನುವಾರ ರಜ’ ಎಂದು ಬರೆದಿದೆ. ಓದಿದವರು ಯಾರೂ ಇದುವರೆಗೆ ಮೀನು ಕೊಳ್ಳಲು ಒಳಗೆ ಬಂದಿಲ್ಲ.

ಇಂಟರ್‌ವ್ಯೂಗೆ ಹೊರಟಾಗ ಇವರು ರೆಸ್ಯೂಮೆಯನ್ನು ಬಾಯಿಪಾಠ ಮಾಡುತ್ತಲೇ ಮೆಟ್ಟಿಲಿಳಿದರು. ಬಂದಾಗ ಮುಖದಲ್ಲಿ ಬೆಳಕು. ಏನು ಕೇಳಿದರು ಎಂದರೆ ಸರಿಯಾಗಿ ಹೇಳಲು ಇವರಿಗೆ ಬರಲಿಲ್ಲ. ಅವರು ವೆಬ್‌ಸೈಟಿನ ಮಾತುಗಳಲ್ಲಿ ಕೇಳಿದರಂತೆ, ಇವರು ರೆಸ್ಯೂಮೆಯ ಮಾತುಗಳಲ್ಲಿ ಉತ್ತರ ಕೊಟ್ಟರಂತೆ. ಗಾತ್ರ ಸೂಕ್ತಗೊಳಿಸುವಾಗ ತಂಡದ ಭಾವನೆಗಳನ್ನು ಹೇಗೆ ನಿಭಾಯಿಸಿದಿರಿ ಎಂಬುದೊಂದು ಪ್ರಶ್ನೆ. ನಿರಂತರ ಸಂವಾದದಿಂದ ಎಂದರಂತೆ ಇವರು. ಹೆಂಡತಿಯ ಊರಿಗೆ ಹೋದವನ ಜೊತೆ ಇವರು ಮಾಡಿದ ಸಂವಾದ ನನಗೆ ಗೊತ್ತು: ಹೋಗಿ ಬಾ, ಗೋದಾಮಿನ ಬೀಗದ ಕೈ ಕೊಟ್ಟು ಹೋಗು ಎಂದಿದ್ದರು. ಎತ್ತು ಈಯಿತು ಅಂತ ಒಬ್ಬರು, ಕೊಟ್ಟಿಗೆಗೆ ಕಟ್ಟು ಅಂತ ಇನ್ನೊಬ್ಬರು. ಕೆಲಸ ಸಿಕ್ಕೇಬಿಟ್ಟಿತು.

ಏನು ಕೆಲಸ ಎನ್ನುವುದು ನನಗೆ ತಿಳಿದದ್ದು ಬಚ್ಚಲಿನ ಕನ್ನಡಿಯಿಂದ. ತರಬೇತಿ ಎಂದು ದಿನಾ ಹೋಗುತ್ತಿದ್ದರು, ಬೆಳಿಗ್ಗೆ ಗಡ್ಡ ಹೆರೆದುಕೊಳ್ಳುವಾಗ ಕನ್ನಡಿಯ ಎದುರು ಅಭ್ಯಾಸ ಮಾಡುತ್ತಿದ್ದರು. ನಾನು ಹೊರಗೆ ಬಟ್ಟೆ ಮಡಚುತ್ತ ಕೇಳಿಸಿಕೊಳ್ಳುತ್ತಿದ್ದೆ. “ಸಂಸ್ಥೆ ಒಂದು ರೋಮಾಂಚಕ ಪರಿವರ್ತನೆಯ ಹೊಸ್ತಿಲಲ್ಲಿದೆ. ಈ ಪಯಣದ ಮುಂದಿನ ಅಧ್ಯಾಯಕ್ಕಾಗಿ ನಿಮ್ಮನ್ನು ಈಗಿನ ಪಾತ್ರದಿಂದ ಮುಕ್ತಗೊಳಿಸಲು ನಮಗೆ ಹೆಮ್ಮೆಯೆನಿಸುತ್ತದೆ.” ದಿನಾ ಅದೇ ಮಾತು, ‘ಹೆಮ್ಮೆ’ಯ ಹತ್ತಿರ ದಿನಾ ಒಂದಿಷ್ಟು ಹೆಚ್ಚು ನಗು. ನಾಲ್ಕನೇ ದಿನವೋ ಐದನೇ ದಿನವೋ ನಾನು ಮಡಚುತ್ತಿದ್ದ ಬಟ್ಟೆ ಕೆಳಗಿಟ್ಟು ಬಾಗಿಲಿಗೆ ಬಂದು ನಿಂತೆ.

“ರೀ, ಇದು ಜನರನ್ನ ಕೆಲಸದಿಂದ ತೆಗೆಯೋ ಕೆಲಸಾನಾ?”

“ಆ ಪದ ನಾವು ಬಳಸೋದಿಲ್ಲ,” ಎಂದರು ಮುಖದ ತುಂಬ ನೊರೆ ಇಟ್ಟುಕೊಂಡು.

ಬಳಸಬಾರದ ಪದಗಳ ಪಾಠವೇ ಅವರಿಗೆ ಆಗಿತ್ತು. ತೆಗೆದರು ಎನ್ನಬಾರದು. ಕೆಲಸ ಹೋಯಿತು ಎನ್ನಬಾರದು. ಕೊನೆ, ಇಲ್ಲ, ಕ್ಷಮಿಸಿ, ಯಾವುದೂ ಆ ಕೋಣೆಯಲ್ಲಿ ಬಾಯಿಗೆ ಬರಬಾರದು. ಕೋಣೆಯ ಹೆಸರು ಬೆಳವಣಿಗೆ ಕೋಣೆ. ಕಾರ್ಖಾನೆಗಳಿಗೆ ತಮ್ಮ ಜನರನ್ನು ಎದುರು ಕೂರಿಸಿಕೊಂಡು ಹೊರಗೆ ಕಳಿಸಲು ಮುಖವಿರುವುದಿಲ್ಲ, ಆ ಮುಖವನ್ನು ಬಾಡಿಗೆಗೆ ಕೊಡುವುದು ಈ ಕಂಪನಿಯ ದಂಧೆ. ಬಂದವರಿಂದ ಗೇಟಿನ ಕಾರ್ಡನ್ನು ವಾಪಸ್ ಕೇಳಬಾರದು, ಕೇಳಿದರೆ ಅದು ನಕಾರಾತ್ಮಕ ಅನುಭವ. ಸಂಜೆ ಯಾರೋ ಕಂಪ್ಯೂಟರಿನಲ್ಲಿ ಸದ್ದಿಲ್ಲದೆ ಅದನ್ನು ಸಾಯಿಸುತ್ತಾರೆ. ಎಲ್ಲರಿಗೂ ಅವೇ ಮಾತುಗಳನ್ನು ಅಚ್ಚುಹಾಕಿದ ಒಂದು ಫೈಲು, ಅಂಗೈಯಗಲದ ಕುಂಡದಲ್ಲಿ ಒಂದು ಗಿಡ. ಎದ್ದು ಹೋಗುವಾಗ ಯಾರೂ ಅಳದಿದ್ದರೆ ಆ ದಿನ ಯಶಸ್ವಿ.

ಅವತ್ತು ನನ್ನ ಬಾಯಿಗೆ ಬಂದದ್ದನ್ನೆಲ್ಲ ಅಂದೆ. ಗಿಡ ಯಾಕೆ, ಹೂಗುಚ್ಛ ಕೊಡಿ, ಹೆಣಕ್ಕೂ ಆಗುತ್ತದೆ ಎಂದೆ. ಇವರು ಟವೆಲಿನಿಂದ ಮುಖ ಒತ್ತಿಕೊಂಡು, ನೀನು ಬಹಳ ನೆಗೆಟಿವ್ ಎಂದರು. ಗೊರಕೆ ಇದೆ ಎಂದು ಒಪ್ಪಿಕೊಂಡಿದ್ದ ಗಂಡಸಿನ ಬಾಯಲ್ಲಿ ಈ ಮಾತು. ನನಗೆ ಇವರ ಮೇಲೆ ಸಿಟ್ಟು ಬಂದದ್ದು ಎಷ್ಟೋ ಸಲ. ಹೇಸಿಗೆ ಅನಿಸಿದ್ದು ಅವತ್ತೇ ಮೊದಲು.

ಆ ಶುಕ್ರವಾರ ಇವರ ಮೊದಲ ದೊಡ್ಡ ಕೆಲಸವಿತ್ತು. ಎಲ್ಲಿ ಎಂದು ಹೇಳಲಿಲ್ಲ, ಗೌಪ್ಯ ಎಂದರು. ಸಂಜೆ ಬಂದವರು ಕೋಟು ಕಳಚುವ ಮೊದಲೇ ಶುರು ಮಾಡಿದರು. ಒಂದು ಪಾಳಿ ಪೂರ್ತಿ ಇವರೊಬ್ಬರೇ ಮಾಡಿದರಂತೆ. ಒಬ್ಬರೂ ಅಳಲಿಲ್ಲವಂತೆ. ಮೇಲಿನವರು ಬೆನ್ನು ತಟ್ಟಿ, ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ತೆಗೆದಿರಿ ಎಂದರಂತೆ. ಕೆಲವರು ಕೈ ಕುಲುಕಿದರು, ಒಬ್ಬಳು ಮುದುಕಿ ನಿಮ್ಮ ಹೊಟ್ಟೆ ತಣ್ಣಗಿರಲಿ ಎಂದಳು, ಹೋಗುವಾಗ ಎಲ್ಲರ ಮುಖದಲ್ಲೂ ನಗು. ನಾನು ತಟ್ಟೆ ಇಡುತ್ತ ಕೇಳುತ್ತಿದ್ದೆ. ಕೆಲಸ ಕಳೆದುಕೊಂಡವರು ನಗುತ್ತ ಯಾಕೆ ಹೋದರು ಎಂದು ಇವರಿಗೆ ಒಂದು ಕ್ಷಣವೂ ಅನುಮಾನ ಬರಲಿಲ್ಲವೇ? ಕೇಳಿದೆ. ಅದೇ ನಮ್ಮ ಸ್ಕಿಲ್ ಎಂದರು.

ಮರುದಿನ ಬೆಳಿಗ್ಗೆ ನನ್ನ ತಮ್ಮ ಬಂದ. ಅವನು ಹಾಸಿಗೆ ಕಾರ್ಖಾನೆಯಲ್ಲಿ ಅಂಚು ಹೊಲಿಯುವವನು. ದೊಡ್ಡ ಹಾಸಿಗೆಯ ಸುತ್ತ ಮಿಷಿನ್ನಿನ ಜೊತೆ ತಾನೂ ಸುತ್ತುತ್ತ ದಿನಕ್ಕೆ ಎಷ್ಟು ದೂರ ನಡೆಯುತ್ತಾನೋ ಲೆಕ್ಕವಿಲ್ಲ. ಒಳ್ಳೆಯ ಕೈ. ಕಾರು ಸೀಟು ಹೊಲಿಯುವ ಅಂಗಡಿಯವನೊಬ್ಬ ಅವನ ಹಿಂದೆ ಬಿದ್ದಿದ್ದ. ಶನಿವಾರ ಮಧ್ಯಾಹ್ನದೊಳಗೆ ಬರುತ್ತೇನೆ ಎಂದರೆ ಸೋಮವಾರದಿಂದ ಕೆಲಸ, ಇಲ್ಲದಿದ್ದರೆ ಬೇರೆಯವನು ತಯಾರಿದ್ದಾನೆ ಎಂದು ಹೇಳಿಟ್ಟಿದ್ದ. ಹೋಗಲೋ ಬೇಡವೋ ಎಂದು ತಮ್ಮ ವಾರವಿಡೀ ನನ್ನ ತಲೆ ತಿಂದಿದ್ದ. ಆ ಶನಿವಾರ ಇದೇ.

ಒಂದು ಕೈಯಲ್ಲಿ ಸಿಹಿಯ ಪೊಟ್ಟಣ, ಇನ್ನೊಂದು ಕೈಯಲ್ಲಿ ಅಂಗೈಯಗಲದ ಕುಂಡ. ಆ ಕುಂಡ ಎಲ್ಲಿಂದ ಬಂತೆಂದು ನಾನು ಕೇಳಬೇಕಾಗಿರಲಿಲ್ಲ.

“ಅಕ್ಕ, ಭಾವ ನಿಂಗೆ ಹೇಳಿಲ್ಲ ತಾನೇ? ನಾನೇ ಹೇಳ್ತೀನಿ ಅಂತ ನಿನ್ನೆ ಅಲ್ಲೇ ಸನ್ನೆ ಮಾಡಿದ್ದೆ,” ಎಂದು ಚಪ್ಪಲಿ ಬಿಡುತ್ತಲೇ ಶುರುಮಾಡಿದ. ಮಧ್ಯಾಹ್ನದ ಪಾಳಿಯವರನ್ನೆಲ್ಲ ಒಬ್ಬೊಬ್ಬರನ್ನಾಗಿ ಒಳಗೆ ಕರೆದರಂತೆ. ತನ್ನ ಸರದಿ ಬಂದಾಗ ನೋಡಿದರೆ ಮೇಜಿನ ಆಚೆ ಭಾವ! ಕೋಟು, ಟೈ. ಗುರುತಿದ್ದ ಹಾಗೆ ತೋರಿಸಿಕೊಳ್ಳಲಿಲ್ಲವಂತೆ, ಡ್ಯೂಟಿ ಅಂದರೆ ಡ್ಯೂಟಿ. ಕಂಪನಿ ಯಾವುದೋ ದೊಡ್ಡ ಬದಲಾವಣೆಗೆ ಹೊರಟಿದೆ, ಇನ್ನು ಮಿಷಿನ್ ಸುತ್ತ ಸುತ್ತಬೇಕಿಲ್ಲ, ಮುಂದಿನ ಅಧ್ಯಾಯಕ್ಕೆ ತನ್ನನ್ನು ಆರಿಸಿದ್ದಾರೆ. “ಈಗಿನ ಪಾತ್ರದಿಂದ ಮುಕ್ತ ಮಾಡೋಕೆ ಹೆಮ್ಮೆ ಆಗತ್ತೆ ಅಂದ್ರು, ಅಕ್ಕ. ಹೆಮ್ಮೆ ಅಂದ್ರು.” ಮೇಲ್ವಿಚಾರಕ ಮಾಡಬಹುದು ಎಂದು ಅವನ ಅಂದಾಜು. ಗುಂಡಿ ಅಜ್ಜಿಗೂ ಅದೇ ಹೇಳಿದರಂತೆ. ಗುಂಡಿ ಅಜ್ಜಿ ಎಂದರೆ ಅವನ ಪಕ್ಕದಲ್ಲಿ ಕೂತು ಹಾಸಿಗೆಗೆ ಗುಂಡಿ ಹಾಕುವವಳು. ಆ ವಯಸ್ಸಿನಲ್ಲಿ ಅವಳಿಗೆ ಏನು ಹುದ್ದೆ ಕೊಡುತ್ತಾರೋ ಎಂದು ಪಾಳಿಯವರೆಲ್ಲ ನಕ್ಕರಂತೆ.

ನಾನು ಗಂಡನ ಕಡೆ ತಿರುಗಿದೆ. ಸ್ವಂತ ಭಾಮೈದನನ್ನು ಎದುರು ಕೂರಿಸಿಕೊಂಡು ಕನ್ನಡಿಗೆ ಹೇಳಿದ್ದನ್ನೇ ಹೇಳಿದ್ದಾರೆ. ರಾತ್ರಿ ಮನೆಗೆ ಬಂದು ಒಬ್ಬರೂ ಅಳಲಿಲ್ಲ ಎಂದು ಊಟ ಮಾಡಿ ಮಲಗಿದ್ದಾರೆ. ಗೊರಕೆ ಸಮೇತ. ಇವರು ಸಿಹಿಯ ಪೊಟ್ಟಣದ ದಾರವನ್ನು ಬೆರಳಿಗೆ ಸುತ್ತಿ ಬಿಚ್ಚುತ್ತ ಕೂತಿದ್ದರು.

“ಈಗ ಸೀಟಿನ ಅಂಗಡಿಯವನಿಗೆ ಫೋನ್ ಮಾಡಿ ಬರಲ್ಲ ಅಂದುಬಿಡ್ತೀನಿ,” ಎಂದು ತಮ್ಮ ಜೇಬಿನಿಂದ ಫೋನು ತೆಗೆದ. “ಭಾವನ ಮನೇಲೇ ಕೂತು ಹೇಳೋಣ ಅಂತ ಬಂದೆ.”

“ಹೇಳಿ ಅವನಿಗೆ,” ಎಂದೆ ಇವರಿಗೆ.

ಇವರು ಗಂಟಲು ಸರಿಮಾಡಿಕೊಂಡರು. ಇದೊಂದು ಪರಿವರ್ತನೆಯ ಹಂತ ಎಂದರು. ಅವಕಾಶಗಳ ಕಿಟಕಿಗಳನ್ನು ಮುಚ್ಚಿಕೊಳ್ಳಬಾರದು, ಎಲ್ಲ ಆಯ್ಕೆಗಳ ಕಡೆಗೂ ಮುಕ್ತ ಮನಸ್ಸಿರಬೇಕು ಎಂದರು. ಅಡ್ಡಗೋಡೆಯ ಮೇಲೆ ದೀಪವಿಟ್ಟ ಹಾಗೆ ಅತ್ತಲೂ ಇಲ್ಲ, ಇತ್ತಲೂ ಇಲ್ಲ. ತಮ್ಮ ಭಕ್ತಿಯಿಂದ ತಲೆಯಾಡಿಸಿದ. ಅವನಿಗೆ ಅದರಲ್ಲಿ ಇನ್ನೂ ದೊಡ್ಡ ಹುದ್ದೆ ಕಂಡಿತು.

ನನಗೆ ತಡೆಯಲಾಗಲಿಲ್ಲ. “ನಿನ್ನನ್ನ ಕೆಲಸದಿಂದ ತೆಗೆದಿದಾರೆ ಕಣೋ. ನಿಮ್ಮ ಪಾಳಿನೇ ತೆಗೆದಿದಾರೆ. ಸೀಟಿನ ಅಂಗಡಿಯವನಿಗೆ ಬರ್ತೀನಿ ಅನ್ನು.”

ತಮ್ಮನ ಮುಖ ಸಣ್ಣದಾಯಿತು. ಆಮೇಲೆ ಕೋಪ ಬಂತು. ನೀನು ಎಲ್ಲವನ್ನೂ ನಾಯಿ ಸತ್ತಿದ್ದು ಹೇಳಿದ ಹಾಗೆ ಹೇಳುತ್ತೀಯ, ಯಾರ ಏಳಿಗೆಯನ್ನೂ ಕಂಡು ಖುಷಿಪಡಲು ನಿನಗೆ ಬರುವುದಿಲ್ಲ ಎಂದ. ತೆಗೆಯುವವರು ಹೆಮ್ಮೆ ಎನ್ನುತ್ತಾರಾ, ಗಿಡ ಕೊಡುತ್ತಾರಾ, ಕಾರ್ಡು ಇನ್ನೂ ನನ್ನ ಹತ್ತಿರವೇ ಬಿಡುತ್ತಾರಾ? ಅವನ ಪ್ರಶ್ನೆ ಒಂದೊಂದೂ ಸರಿಯಾಗಿಯೇ ಇತ್ತು. ಕೊನೆಗೆ ಅವನು ಭಾವನ ಕಡೆ ತಿರುಗಿ, ಹೌದಾ ಭಾವ ಎಂದು ಕೇಳಿದ. ಒಂದು ಹೌದು ಸಾಕಿತ್ತು. “ಅದನ್ನ ಹಾಗೆ ನೋಡೋಕಾಗಲ್ಲ,” ಎಂದರು ಇವರು.

ಮಾತು ಮನೆ ಕೆಡಿಸಿತು, ತೂತು ಒಲೆ ಕೆಡಿಸಿತು ಎನ್ನುತ್ತಾರೆ. ನನ್ನ ಮನೆಯನ್ನು ಆಡದ ಒಂದು ಮಾತು ಕೆಡಿಸುತ್ತಿತ್ತು. ತಮ್ಮನ ಬೆರಳು ಫೋನಿನ ಮೇಲಿತ್ತು. ನಾನು ಅದರ ಮೇಲೆ ಕೈಯಿಟ್ಟೆ. ಮಧ್ಯಾಹ್ನಕ್ಕೆ ಇನ್ನೂ ಹೊತ್ತಿದೆ, ಬಾ, ಕಾರ್ಖಾನೆಯ ಗೇಟಿಗೆ ಹೋಗೋಣ ಎಂದೆ. ನಿನ್ನ ಕಾರ್ಡು ತೋರಿಸಿದಾಗ ಗೇಟು ತೆರೆದರೆ ಅಲ್ಲೇ ನಿಂತು ಫೋನ್ ಮಾಡು, ನಾನು ಎಲ್ಲರೆದುರು ತಪ್ಪಾಯಿತು ಎನ್ನುತ್ತೇನೆ. ನನ್ನಿಂದ ತಪ್ಪಾಯಿತು ಎನ್ನಿಸುವ ಆಸೆ ಅವನಿಗೆ ಚಿಕ್ಕಂದಿನಿಂದಲೂ ಇದೆ, ಒಪ್ಪಿದ. ಇವರು ಒಳಗೆ ಹೋಗಲು ಎದ್ದರು. ನೀವೂ ಅಂಗಿ ಹಾಕಿಕೊಳ್ಳಿ ಎಂದೆ.

ಮೂವರೂ ಬಸ್ಸು ಹತ್ತಿದೆವು. ಕಾರ್ಖಾನೆ ಇದ್ದದ್ದು ಊರಿನ ಅಂಚಿನಲ್ಲಿ, ಟೈರು ಅಂಗಡಿ, ಗಾಜಿನ ಅಂಗಡಿ ದಾಟಿದ ಮೇಲೆ. ಕಾಂಪೌಂಡಿನ ಮೇಲೆ ಮಲಗಿದ ಮಗುವಿನ ದೊಡ್ಡ ಚಿತ್ರವಿತ್ತು, ಅದರ ಕೆಳಗೆ ಮೊದಲು ‘ಹಾಸಿಗೆಗಳು’ ಎಂದು ಬರೆದಿತ್ತಂತೆ. ಈಗ ‘ವಿಶ್ರಾಂತಿ ಅನುಭವದ ಪಾಲುದಾರರು’ ಎಂದಿತ್ತು.

ಗೇಟಿನ ಎದುರು ಜನ ನಿಂತಿದ್ದರು. ನಿನ್ನೆಯ ಪಾಳಿಯವರೇ. ಎಲ್ಲರೂ ಕೆಲಸದ ಅಂಗಿಯಲ್ಲಿ, ಊಟದ ಡಬ್ಬಿ ಸಮೇತ ಹೊತ್ತಿಗೆ ಮುಂಚೆ ಬಂದಿದ್ದರು. ಹೊಸ ಅಧ್ಯಾಯದ ಮೊದಲ ದಿನ ತಡವಾಗಬಾರದು ನೋಡಿ. ಕೆಲವರು ಮಿಷಿನ್ನಿನ ಪಕ್ಕ ಇಡಲು ಗಿಡವನ್ನೂ ತಂದಿದ್ದರು. ಒಬ್ಬೊಬ್ಬರಾಗಿ ಕಾರ್ಡು ಒತ್ತುತ್ತಿದ್ದರು, ಕೆಂಪು ದೀಪ ಹತ್ತುತ್ತಿತ್ತು, ಅಂಗಿಯಲ್ಲಿ ಒರೆಸಿ ಮತ್ತೆ ಒತ್ತುತ್ತಿದ್ದರು. ಕಾವಲುಗಾರ ಕಂಬಿಯಾಚೆ ನೆಲ ನೋಡುತ್ತ, ಸಿಸ್ಟಂ ಅಪ್‌ಡೇಟ್ ಆಗ್ತಿದೆ, ಸಿಸ್ಟಂ ಅಪ್‌ಡೇಟ್ ಆಗ್ತಿದೆ ಎನ್ನುತ್ತಿದ್ದ. ಅವನಿಗೂ ಯಾರೋ ಪಾಠ ಹೇಳಿಕೊಟ್ಟಿದ್ದರು. ತಮ್ಮ ನನ್ನ ಕಡೆ ನೋಡದೆ ಮುಂದೆ ಹೋಗಿ ತನ್ನ ಕಾರ್ಡು ಒತ್ತಿದ. ಕೆಂಪು.

ಅಷ್ಟರಲ್ಲಿ ಯಾರೋ ನಮ್ಮವರನ್ನು ಗುರುತು ಹಿಡಿದರು. ಸಾರ್ ಬಂದರು, ನಿನ್ನೆಯ ಸಾರ್ ಬಂದರು ಎಂದು ಗುಂಪು ಇವರ ಕಡೆ ಸರಿಯಿತು. ಆ ಮುಖಗಳಲ್ಲಿ ಎಂಥ ಸಮಾಧಾನ! ತಿಳಿದವರು ಬಂದರು, ಇನ್ನು ಎಲ್ಲ ಸರಿಹೋಗುತ್ತದೆ ಎಂಬಂತೆ. ಒಬ್ಬ, ಗೇಟು ಬದಲಾಗಿದೆಯಾ ಸಾರ್, ಹೊಸ ಪಾತ್ರದವರು ಹಿಂದಿನ ಬಾಗಿಲಿಂದ ಹೋಗಬೇಕಾ ಎಂದು ಕೇಳಿದ.

ಇವರು ಇಂಗು ತಿಂದ ಮಂಗನ ಹಾಗೆ ನಿಂತರು. ಆಮೇಲೆ ಶುರುಮಾಡಿದರು. ನಾನು ನನ್ನ ಕಿವಿಯಾರೆ ಕೇಳಿದೆ. “ನೋಡಿ, ನೀವೆಲ್ಲ ಈಗ ಒಂದು ರೋಮಾಂಚಕ ಪರಿವರ್ತನೆಯ...” ಜನ ತಲೆಯಾಡಿಸಿದರು. ಪಯಣ ಎಂದರು, ತಲೆಯಾಡಿಸಿದರು. ಅಧ್ಯಾಯ ಎಂದರು, ಇನ್ನಷ್ಟು ಹತ್ತಿರ ಬಂದರು. ಮುಗಿದ ಮೇಲೆ ಹಿಂದಿನಿಂದ ಯಾರೋ ವಿನಯವಾಗಿ, ಹಾಗಾದರೆ ನಾವು ಇಲ್ಲೇ ಕಾಯೋದಾ ಸಾರ್ ಎಂದರು. ನನ್ನ ಗಂಡನ ಕೊರಳಪಟ್ಟಿ ಹಿಡಿದು ಅಲ್ಲಾಡಿಸಬೇಕು ಅನಿಸಿತು. ಒಂದೇ ಬಡಪಾಯಿ ಪದಕ್ಕೆ ಇಷ್ಟು ಜನ ಬಿಸಿಲಲ್ಲಿ ನಿಂತಿದ್ದಾರೆ, ಅದು ಇವರ ಬಾಯಲ್ಲೇ ಇದೆ, ಉಗುಳಲೊಲ್ಲರು.

ತಮ್ಮ ಗುಂಪಿನಿಂದ ಸ್ವಲ್ಪ ಈಚೆ ನಿಂತಿದ್ದ. ನಿನ್ನೆ ಆ ಕೋಣೆಯಲ್ಲಿ ಅವನೊಬ್ಬನೇ ಇದ್ದ; ಇವತ್ತು ಅದೇ ಮಾತು ಇಷ್ಟು ಜನರ ತಲೆಯ ಮೇಲೆ ಹಾದುಹೋಗುವುದನ್ನು ಹೊರಗೆ ನಿಂತು ನೋಡಿದ. ಅವರ ಮೂಗಿಗೆ ಸವರಿದ ತುಪ್ಪ ತನ್ನ ಮೂಗಿಗೂ ಅಂಟಿದ್ದು ಅವನಿಗೆ ಆಗ ತಿಳಿಯಿತು. ನನ್ನ ಹತ್ತಿರ ಬರಲಿಲ್ಲ. ಟೈರು ಅಂಗಡಿಯ ನೆರಳಿಗೆ ಹೋಗಿ ಫೋನು ಕಿವಿಗಿಟ್ಟ. ಬೆನ್ನು ನಮ್ಮ ಕಡೆ ಮಾಡಿ ನಿಂತಿದ್ದ, ಏನು ಹೇಳುತ್ತಾನೋ ಎಂದು ನಾನು ಎರಡು ಹೆಜ್ಜೆ ಹತ್ತಿರ ಸರಿದೆ. “ಬರ್ತೀನಿ ಅಣ್ಣ. ಸೋಮವಾರ ಬರ್ತೀನಿ,” ಎಂದದ್ದು ಕೇಳಿಸಿತು. ಫೋನು ಜೇಬಿಗಿಟ್ಟು, ಕಣ್ಣು ಒರೆಸಿಕೊಂಡು, ನೇರವಾಗಿ ಗುಂಪಿನ ನಡುವೆ ಬಂದ.

“ನಮ್ಮನ್ನೆಲ್ಲ ತೆಗೆದಿದಾರೆ. ಗೇಟು ತೆಗೆಯಲ್ಲ. ಇವರು ನನ್ನ ಭಾವ. ಅವರಿಗೆ ಹೇಳೋಕೆ ಆಗ್ತಿಲ್ಲ, ಅದಕ್ಕೇ ನಾನು ಹೇಳ್ತಿದೀನಿ.”

ಗದ್ದಲವಾಗಲಿಲ್ಲ. ಒಬ್ಬೊಬ್ಬರೂ ತಮ್ಮ ಕೈಯಲ್ಲಿನ ಕಾರ್ಡು ನೋಡಿಕೊಂಡರು. ಒಬ್ಬ ಗಿಡವನ್ನು ಗೇಟಿನ ಬುಡದಲ್ಲಿಟ್ಟು ಹೊರಟುಬಿಟ್ಟ. ಇನ್ನೊಬ್ಬ ಬೈಯಲು ಶುರುಮಾಡಿ ಯಾರನ್ನು ಬೈಯಬೇಕೆಂದು ತೋಚದೆ ಕಾವಲುಗಾರನನ್ನು ಬೈದ. ಗುಂಡಿ ಅಜ್ಜಿ ಮಾತ್ರ ಇವರ ಹತ್ತಿರ ಬಂದಳು. ಕುಳ್ಳಗೆ, ಬೆರಳುಗಳಿಗೆಲ್ಲ ಪಟ್ಟಿ ಸುತ್ತಿಕೊಂಡಿದ್ದಳು. ಇವರ ಮುಖ ನೋಡಲು ಕತ್ತು ಮೇಲೆತ್ತಬೇಕಾಯಿತು.

“ಹೌದಾ ಸಾರ್?”

“ಹೌದಮ್ಮ,” ಎಂದರು ಇವರು.

“ನೀವೇ ತೆಗೆದಿದ್ದಾ?”

“ಅಲ್ಲ. ಫ್ಯಾಕ್ಟರಿಯವರು. ನಿಮಗೆ ಹೇಳೋದಷ್ಟೇ ನನ್ನ ಕೆಲಸ.”

“ಹೇಳಲಿಲ್ವಲ್ಲ,” ಎಂದಳು ಅಜ್ಜಿ.

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಅದಕ್ಕೇ ನನಗೆ ಕೇಳಲಾಗಲಿಲ್ಲ. ರಾತ್ರಿ ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು, ಅಜ್ಜಿಗೆ ದೊಡ್ಡ ಕೆಲಸ ಸಿಕ್ಕಿತು, ಇನ್ನು ಬೆರಳಿಗೆ ಸೂಜಿ ಚುಚ್ಚಿಕೊಳ್ಳುವುದಿಲ್ಲ ಎಂದು ಹೇಳಿದ್ದಳಂತೆ. ಆ ಮಗು ಬೆಳಿಗ್ಗೆ ಎದ್ದು ಬೀದಿಗೆಲ್ಲ ಸಾರಿ ಬಂದಿದೆಯಂತೆ. ಇಷ್ಟನ್ನು ಹೇಳಿ ಊಟದ ಡಬ್ಬಿಯ ಚೀಲವನ್ನು ಇವರ ಕೈಗೆ ಕೊಟ್ಟಳು, ಗಿಡವನ್ನು ತಾನು ಹಿಡಿದುಕೊಂಡಳು.

“ಆರು ವರ್ಷ ಅದಕ್ಕೆ. ನನ್ನ ಕೈಲಿ ಆಗಲ್ಲ. ಹೇಳೋದು ನಿಮ್ಮ ಕೆಲಸ ಅಂದ್ರಲ್ಲ, ಬಂದು ಹೇಳಿ.”

ಬಸ್ಸು ಬಂತು. ಅವಳು ಹತ್ತಿ ಮೆಟ್ಟಿಲ ಮೇಲೆ ನಿಂತು ಕಾದಳು. ಇವರು ನನ್ನ ಕಡೆ ನೋಡಿದರು, ಇದರಿಂದ ನನ್ನನ್ನು ಪಾರುಮಾಡು ಎಂಬ ಹಾಗೆ. ನಾನು ಬಸ್ಸಿನ ಕಡೆ ಕೈ ತೋರಿಸಿದೆ. ಮುದುಕಿಯ ಊಟದ ಚೀಲ ಹಿಡಿದುಕೊಂಡು ಇವರು ಬಸ್ಸು ಹತ್ತಿದರು.